ನಲವತ್ತೊಂದನೆಯ ಸೀಸೆ

ಪೆರಿಯದ ಮುರಕಲ್ಲು ಗುಡ್ಡೆಯ ಮೇಲೆ ನಮ್ಮ ಲ್ಯಾಬು.
ಕರೆಂಟು ಹೋದರೆ ಮೊದಲು ಓಡುವುದು ಇನ್‌ಕ್ಯುಬೇಟರಿನ ಹತ್ತಿರ.
ಮೂವತ್ತೇಳು ಡಿಗ್ರಿ, ಜ್ವರವಿಲ್ಲದ ಮೈಯ ಬಿಸಿ.
ಒಳಗೆ ಯಾರದೋ ಎದೆಯ ಕೋಶಗಳು
ಸಾಯಲು ಮರೆತು ಕೂತಿವೆ.

ತೊಂಬತ್ತಾರು ಗುಳಿಯ ತಟ್ಟೆ.
ಚೆನ್ನೆಮಣೆಗೆ ಕಾಯಿ ಹಾಕುವ ಹಾಗೆ
ಗುಳಿಗೊಂದು ಹನಿ,
ನಲವತ್ತೊಂದನೆಯ ಸೀಸೆಯದು.

ಮರುದಿನ ಬಣ್ಣ ಹಾಕಿದೆವು. ಬದುಕಿದ್ದರೆ ನೇರಳೆ,
ಇಲ್ಲವಾದರೆ ಬರೀ ಹಳದಿ.
ಮದ್ದು ಬಿದ್ದಲ್ಲೆಲ್ಲ ಹಳದಿ!
‘ಚತ್ತು, ಎಲ್ಲಾಂ ಚತ್ತು’ ಎಂದು ಬಿಂದುಜ ಕುಣಿದಳು.
ಬಣ್ಣ ಹಾಕದ ಜೋಡಿ ತಟ್ಟೆಯನ್ನು
ಸೂಕ್ಷ್ಮದರ್ಶಕದ ಕೆಳಗಿಟ್ಟೆ:
ಪೊರೆ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲಿದೆ.
ರೋಗವಿಲ್ಲದ ಸಾಲಿನಲ್ಲೂ ಅದೇ.
ಕೊಲ್ಲುವುದೇನು,
ಬ್ಲೀಚಿಂಗ್ ಪೌಡರೂ ಕೊಲ್ಲುತ್ತದೆ.

ನಮಗೆ ಬೇಕಾದ ಸಾವು ಬೇರೆ.
ಅದರ ಹೆಸರು ನಿಘಂಟಿನಲ್ಲಿ ಉದ್ದಕ್ಕಿದೆ, ನಾಲಿಗೆಗೆ ಹತ್ತದು.
ಸಂಜೆ ಬೇಲಿಯಾಚೆ ಗೇರುಬೀಜ ಹೆಕ್ಕುತ್ತಿದ್ದ
ದೇಯಕ್ಕನಿಗೆ ಹೇಗೋ ವಿವರಿಸಹೊರಟೆ.
ಬಗ್ಗಿದವಳು ಬಗ್ಗಿಕೊಂಡೇ ಅಂದಳು:
‘ಬಡಿದು ಉದುರಿಸಿದ್ದು ಬೇರೆ ಮಗಾ,
ತೊಟ್ಟು ಬಿಟ್ಟು ಬಿದ್ದದ್ದು ಬೇರೆ.
ಬಡಿದರೆ ಎಳತೂ ಬೀಳ್ತದೆ, ಹೂವೂ ಬೀಳ್ತದೆ.’
ಆಮೇಲೆ, ಬುಟ್ಟಿ ಸೊಂಟಕ್ಕಿಟ್ಟು,
‘ನಿಮ್ಮ ಮದ್ದು ಪೇಟೆಗೆ ಬರುವುದು ಯಾವಾಗ?’
ಯಾರಿಗಾಗಿ ಕೇಳಿದಳೋ.
ನಾನು ಕೇಳಲಿಲ್ಲ.

ಪುಸ್ತಕದಲ್ಲಿ ನಲವತ್ತೊಂದರ ಎದುರು
ಇಂಗ್ಲಿಷಿನಲ್ಲಿ ಬರೆಯಬೇಕಿತ್ತು.
‘ಬಡಿದು ಉದುರಿಸುತ್ತದೆ’ ಎಂದು ಬರೆದೆ.
ಬಿಂದುಜಳಿಗೆ ಕನ್ನಡ ಓದಲು ಬಾರದು,
ಏನೆಂದು ಕೇಳಿದಳು. ಹೇಳಿದೆ.
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ
ಕೈಗೆ ಹೊಸ ಗ್ಲೌಸು ಹಾಕಿದಳು,
ನಲವತ್ತೆರಡರ ಮುಚ್ಚಳ ತೆಗೆದಳು.