ಎರಡು ವಿಳಾಸ

ಯುರೋಪು ಹಿಂದೆ ಬೀಳುತ್ತಿದೆಯಂತೆ.
ಉಮ್ಮ್ ಅಲ್ ಕ್ವೈನಿನ ಕಾಂಡ್ಲದ ದಂಡೆಯಲ್ಲಿ
ಏಸಿಯನ್ನು ಹದಿನೆಂಟಕ್ಕಿಟ್ಟ ಕೋಣೆಯಲ್ಲಿ
ಕೋಟು ತೊಟ್ಟ ಆರು ಮಂದಿ ಅದನ್ನೇ ಹೇಳುತ್ತಿದ್ದರು.
ಖರ್ಜೂರದ ತಟ್ಟೆ ಇಟ್ಟು ಬರಲು ಹೋದ ನಾನು
ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ನಿಂತೆ:
ಚೀನಾ ಮೇಲಕ್ಕೆ, ಅಮೆರಿಕ ಮೇಲಕ್ಕೆ,
ಇವರದು ಮಾತ್ರ ಇಳಿತದ ನೀರು,
ಸದ್ದಿಲ್ಲದೆ ಹಿಂದೆ ಸರಿಯುವಂಥದ್ದು.

ನಮ್ಮ ಮನೆ ದೋಸೆಯಷ್ಟೇ ತೂತು ಅಂದುಕೊಂಡಿದ್ದೆ.

ಇನ್ನೂರು ವರ್ಷದ ನೋಟುಬುಕ್ಕು ನಮ್ಮಲ್ಲಿದೆ, ಎಂದರು ಅವರು.
ಕಾಸು ನಮ್ಮಲ್ಲಿದೆ, ಎಂದರು ಡೀನ್,
ಜೊತೆಗೆ, ಕೊಲ್ಲಿಯ ಬಿಸಿನೀರಲ್ಲೂ ಸಾಯದ ಹವಳ.
ಆಮೇಲೆ ಗಾವಾದ ಪುಟ್ಟ ಲೋಟ ಕೆಳಗಿಟ್ಟು, ಮೆಲ್ಲಗೆ:
ನಿಮ್ಮ ಪ್ರೊಫೆಸರು ವರ್ಷಕ್ಕೆ ಮೂರು ವಾರ ಇಲ್ಲಿರಲಿ, ಸಾಕು.
ಹೆಸರಿನ ಕೆಳಗೆ ಅವರ ಊರಿನ ಜೊತೆ
ನಮ್ಮ ಊರೂ ಇರಲಿ.

ಒಂದು ಹೆಸರಿಗೆ ಎರಡು ವಿಳಾಸ,
ಎರಡು ಪಟ್ಟಿಯಲ್ಲಿ ಎರಡು ಮೆಟ್ಟಿಲು.

ನನಗೂ ಎರಡಿವೆ.
ಪಾಸ್‌ಪೋರ್ಟಿನಲ್ಲಿ ಭಟ್ಕಳದ ಅಳ್ವೆಕೋಡಿ,
ಇಲ್ಲಿ, ಟೈರಂಗಡಿಯ ಮೇಲಿನ ರೂಮಿನಲ್ಲಿ
ಕಿಟಕಿ ಕಡೆಯ ಮೇಲ್ಮಂಚ.
ಅದರಿಂದ ಯಾವ ಊರೂ ಯಾವ ಪಟ್ಟಿಯಲ್ಲೂ
ಒಂದು ಗೇಣು ಏರಿದ್ದು ಕಾಣೆ.

ನನ್ನ ಕೆಲಸ ಹದಿನಾಲ್ಕು ತೊಟ್ಟಿ.
ಎರಡು ತಾಸಿಗೊಮ್ಮೆ ಉಪ್ಪು ನೋಡು, ಬಿಸಿ ನೋಡು, ಬರೆ.
ಬರೆದದ್ದನ್ನೆಲ್ಲ ಇನೆಸ್ ಕಂಪ್ಯೂಟರಿಗೆ ಹಾಕುತ್ತಾಳೆ.
ಪೋರ್ತುಗಲ್ಲಿನವಳು, ಎರಡು ವರ್ಷದ ಕರಾರು,
ಅದಕ್ಕೂ ಮೊದಲು ಬೇರೆಲ್ಲೋ ಎರಡು,
ಅದಕ್ಕೂ ಮೊದಲು ಇನ್ನೆಲ್ಲೋ ಒಂದೂವರೆ.
ನನ್ನ ವೀಸಾನೂ ಎರಡೇ ವರ್ಷ ಎಂದಾಗ
ನಕ್ಕು ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದುಕೊಟ್ಟಳು.

ಆಗಸ್ಟಿನ ಒಂದು ರಾತ್ರಿ ಹನ್ನೊಂದನೇ ತೊಟ್ಟಿಯ ಚಿಲ್ಲರ್ ಸತ್ತಿತು.
ಮೀನು ಮಾರ್ಕೆಟ್ಟಿಗೆ ಓಡಿ ಮಂಜುಗಡ್ಡೆ ಹೊತ್ತು ತರುವಷ್ಟರಲ್ಲಿ
ಮೂವತ್ತೇಳು ದಾಟಿತ್ತು.
ಪುಸ್ತಕದಲ್ಲಿ ಮೂವತ್ತನಾಲ್ಕು ಅಂತ ಬರೆದಿದ್ದರೆ
ಯಾರು ಕೇಳುತ್ತಿದ್ದರು?
ಪೆನ್ನು ಒಂದು ಗಳಿಗೆ ಅಲ್ಲೇ ನಿಂತದ್ದು ಸುಳ್ಳಲ್ಲ.
ಆದರೆ ಅಪ್ಪ ಆಳ ನೋಡುವಾಗ
ಹಗ್ಗದ ಗಂಟು ಎಣಿಸಿ ಕೂಗುತ್ತಿದ್ದ,
ಒಂದು ಗಂಟು ತಪ್ಪಿ ಕೂಗಿದರೆ ದೋಣಿ ಕಲ್ಲಿಗೆ.
ಇದ್ದದ್ದನ್ನೇ ಬರೆದೆ. ಪಕ್ಕದಲ್ಲಿ: ಮಿಷನ್ ಕೆಟ್ಟಿದೆ, ಕ್ಷಮಿಸಿ.

ಮೂರು ದಿನಕ್ಕೆ ಎಲ್ಲ ಹವಳ ಬೆಳ್ಳಗೆ, ಸುಟ್ಟ ಚಿಪ್ಪಿನ ಹಾಗೆ.
ಒಂದು ಮಾತ್ರ, ಮೂಲೆಯದು, ಅಂಗೈಯಷ್ಟಗಲದ್ದು,
ಕಂದು ಬಣ್ಣ ಬಿಟ್ಟುಕೊಡದೆ
ಸಾವಿರ ಬಾಯಿ ತೆರೆದು ಕೂತಿತ್ತು.
ಇನೆಸ್ ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತಳು.
ನಗುತ್ತಿದ್ದಾಳೋ ಅಳುತ್ತಿದ್ದಾಳೋ
ಪಂಪಿನ ಸದ್ದಿನಲ್ಲಿ ತಿಳಿಯಲಿಲ್ಲ.

ಇವತ್ತು ಪರದೆಯ ಮೇಲೆ ಆ ಹವಳದ್ದೇ ಚಿತ್ರ.
ಐದು ವರ್ಷದ ಯೋಜನೆ, ಏಳು ವಿಶ್ವವಿದ್ಯಾಲಯ,
ಯಾವ ತಿಂಗಳಲ್ಲಿ ಯಾವ ಆವಿಷ್ಕಾರ ಎಂದು ಬರೆದ ತಖ್ತೆ.
ಮಿಷನ್ ಕೆಡಬೇಕಾದ ತಿಂಗಳು ಮಾತ್ರ ಅದರಲ್ಲಿಲ್ಲ.
ಪ್ರತಿಭೆಯನ್ನು ಕೈಬಿಡಬಾರದು, ಎಂದರು ಮುಖ್ಯಸ್ಥೆ
ಮೇಜು ಗುದ್ದಿ. ಚಪ್ಪಾಳೆ.
ಪ್ರತಿಭೆ ಹೊರಗೆ ಬಿಸಿಲಲ್ಲಿ
ಹಳೇ ಟೂತ್‌ಬ್ರಶ್ಶಿನಿಂದ ತೊಟ್ಟಿಯ ಪಾಚಿ ಉಜ್ಜುತ್ತಿತ್ತು.
ಡಿಸೆಂಬರಿಗೆ ಅವಳ ಕರಾರು ಮುಗಿಯುತ್ತದೆ.

ಸಂಜೆ ಕಾರುಗಳು ಹೋದ ಮೇಲೆ
ಲ್ಯಾಪ್‌ಟಾಪು ಹಿಡಿದು ಬಂದಳು.
ನಿನ್ನ ಹೆಸರೂ ಹಾಕುತ್ತಿದ್ದೇನೆ, ಸರಿಯಾಗಿ ಹೇಳು.
ಜಟ್ಟಪ್ಪ ಮೊಗೇರ, ಎಂದೆ.
ಟಕ್ಕೊಂದು ಒತ್ತು, ಪಕ್ಕೊಂದು ಒತ್ತು.
ಅವಳ ನಾಲಿಗೆಯಲ್ಲಿ ಎರಡೂ ಜಾರಿ ಬಿದ್ದವು,
ಎತ್ತಿ ಎತ್ತಿ ಕೂರಿಸಿದೆವು.
ವಿಳಾಸ?
ಯಾವುದು ಹೇಳಲಿ ಎಂದು ಅವಳದ್ದನ್ನು ಇಣುಕಿ ನೋಡಿದೆ.
ಎಲ್ಲರಿಗಿಂತ ಮೊದಲು ಅವಳ ಹೆಸರು,
ಅದರ ಕೆಳಗಿನ ಸಾಲು ಖಾಲಿ;
ಕರ್ಸರ್ ಮಿಣುಕುತ್ತಿತ್ತು, ದೂರದ ದೋಣಿಯ ದೀಪದ ಹಾಗೆ.
ಅಚ್ಚಾಗುವ ಹೊತ್ತಿಗೆ ಎಲ್ಲಿರುತ್ತೇನೋ, ಎಂದಳು.

ಎಂಟು ಹೊಡೆಯಿತು. ಎದ್ದೆ.
ಹನ್ನೊಂದನೇ ತೊಟ್ಟಿ:
ಉಪ್ಪು ನಲವತ್ತೆರಡು,
ಬಿಸಿ ಮೂವತ್ತನಾಲ್ಕು ಪಾಯಿಂಟ್ ಆರು.