ಅಳತೆ ಪುಸ್ತಕ

ರಾಜಬೀದಿಯ ಕೆಳತುದಿ, ಬಸ್ಸು ತಿರುಗುವ ಕಡೆ
ನಮ್ಮ ಅಂಗಡಿ. ಚಳಿಗಾಲದಲ್ಲಿ ಬಾಗಿಲು ತೆರೆದರೆ
ಮಲೂಟಿ ಬೆಟ್ಟದ ಹಿಮ ಕತ್ತರಿಯ ಮೇಲೆ ಹೊಳೆಯುತ್ತದೆ.
ಅಪ್ಪ ಹೋದ ಮೇಲೆ ಕತ್ತರಿ ನನಗೆ,
ಎಣ್ಣೆ ಹಿಡಿದ ಈ ಪುಸ್ತಕವೂ ನನಗೆ:
ಹೆಸರು, ಎದೆ, ಸೊಂಟ, ತೋಳು, ಬಾಕಿ.

ನ್ಟಾಟೆ ರಮಖೂಲಾ ಮೊದಲು ಬಂದದ್ದು
ಕಂಬಳಿ ಹೊದ್ದು, ಕುದುರೆಯ ಮೇಲೆ, ಎರಡು ದಿನದ ಇಳಿಜಾರು.
ಅಪ್ಪ ಬರೆದರು: ಮಾಸ್ತರ. ಸೊಂಟ ಇಪ್ಪತ್ತೊಂಬತ್ತು.
‘ಕೋಟಿಲ್ಲದವನ ಮಾತು ಸಭೆಯಲ್ಲಿ ಯಾರಿಗೆ ಕೇಳಿಸುತ್ತದೆ’
ಅಂದರಂತೆ. ಬಾಕಿ: ಪೂರ್ತಿ.
ಸುಗ್ಗಿ ಮುಗಿದ ಮೇಲೆ ಒಂದು ಚೀಲ ಜೋಳ ಬಂತು.

ಪ್ರಧಾನಿಯಾದಾಗ ಮೂವತ್ತೆರಡು.
ನಾನಾಗ ಗುಂಡಿ ಹೊಲಿಯುವ ಹುಡುಗಿ,
ಮೇಜಿನಡಿ ಕೂತು ಬೂಟು ನೋಡಿದ್ದೆ:
ಒಂದರ ಲಾಡಿ ಕಪ್ಪು, ಒಂದರದ್ದು ಕಂದು.
ದೊರೆ ಚಿಕ್ಕವನು, ದಂಡು ದೊಡ್ಡದು.
ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ,
ನಮ್ಮಲ್ಲಿ ದರಿಗೇನು ಬರವಿಲ್ಲ;
ಪುಲಿ ಜೀಪಿನಲ್ಲಿ ಬರುತ್ತದೆ.

ಹನ್ನೊಂದು ತಿಂಗಳು.
ಅಷ್ಟರಲ್ಲಿ ಹನ್ನೆರಡು ಶಾಲೆ, ಒಂದು ಸೇತುವೆ,
ಆ ಸೇತುವೆಗೆ ಯಾರ ಹೆಸರು ಅಂತ ಆರು ತಿಂಗಳು ಜಗಳ.
ಒಂದು ಬೆಳಗ್ಗೆ ರೇಡಿಯೋದಲ್ಲಿ ಸುದ್ದಿಯಿಲ್ಲ, ಬರೀ ಬ್ಯಾಂಡು.
ಅಪ್ಪ ಇಸ್ತ್ರಿ ಎತ್ತಲು ಮರೆತು
ನ್ಯಾಯಾಧೀಶರೊಬ್ಬರ ಪ್ಯಾಂಟು ಸುಟ್ಟರು.

ಎರಡನೆಯ ಸಲ ಮೂವತ್ತೆಂಟು. ಬರೆದದ್ದು ನಾನು.
ಈಗ ಆ ಜೀಪೇ ಅವರನ್ನು ಕರೆತಂದಿತ್ತು,
ಚಾಲಕ ಇಂಜಿನ್ನು ಆರಿಸಲಿಲ್ಲ.
ದೊರೆಯನ್ನು ಬೆಟ್ಟದ ಮಿಶನ್ನಿಗೆ ‘ವಿಶ್ರಾಂತಿ’ಗೆ ಕಳಿಸಿದ
ಕಾಗದದ ಮೇಲೆ ಸಹಿ ಹಾಕಿದ ಕೈ ಇದೇ ಎಂದು
ಬಾವಿಕಟ್ಟೆಯಿಂದ ಹೆಂಡದಂಗಡಿಯವರೆಗೂ ಮಾತು.
ತೋಳು ಅಳೆಯುವಾಗ ನೋಡಿದೆ ಆ ಕೈಯನ್ನು.
ಕೈ ಕೈಯಂತೆಯೇ ಇತ್ತು.
ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಮಾತ್ರ ಇರಲಿಲ್ಲ.
‘ಒಳಗೊಂದು ಜೇಬಿಡು ಮಗಳೇ,
ಹೊಲಿದವಳಿಗೂ ಮರೆತುಹೋಗುವಂಥದ್ದು.’
ಇಟ್ಟೆ. ಮರೆಯಲಿಲ್ಲ.

ಮುಂದಿನದು ಪುಸ್ತಕದಲ್ಲಿಲ್ಲ.
ಹಿಮದಲ್ಲಿ ದೊರೆ ಕುದುರೆಯೇರಿ ಮರಳಿದ;
ಹೆಂಗಸರು ಬಾಯಿಗೆ ಬೆರಳಿಟ್ಟು ಉಲಿದರು.
ಸೇತುವೆಯ ಮೇಲೆ, ಹೌದು, ಅದೇ ಸೇತುವೆ,
ಹುಲ್ಲಿನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು ಇವರು.
ಕುದುರೆ ನಿಲ್ಲಲಿಲ್ಲ. ಟೋಪಿಯ ಮೇಲೆ ಕೆಸರು.
ಸಂಜೆಗೆ ಜೀಪು. ಒಂಬತ್ತು ವರ್ಷ.
ದಂಡಿನವರು? ಅವರು ಹೊಸ ಸಮವಸ್ತ್ರಕ್ಕೆ
ನನ್ನ ಹತ್ತಿರವೇ ಅಳತೆ ಕೊಟ್ಟರು.

ನಿನ್ನೆ ಬಂದಿದ್ದರು.
ಆಗಸ್ಟಿನ ದೂಳುಗಾಳಿ, ಹಿತ್ತಲಲ್ಲಿ ಪೀಚ್ ಮರ
ಎಲೆಗೂ ಕಾಯದೆ ಹೂ ಬಿಟ್ಟಿತ್ತು.
ಕಂಕುಳಲ್ಲಿ ಆ ಹಳೆಯ ಕೋಟು.
‘ಮೊಮ್ಮಗಳ ಮದುವೆ. ಒಂದಿಷ್ಟು ಒಳಗೆ ಹಿಡಿ.’
ಟೇಪು ಬೇಕಾಗಿರಲಿಲ್ಲ. ಆದರೂ ಹಿಡಿದೆ,
ಮರ್ಯಾದೆಗೆ. ಮೂವತ್ತಕ್ಕೆ ಕಾಲು ಕಡಿಮೆ.

ಅಸ್ತರಿ ಬಿಚ್ಚುವಾಗ ಬೆರಳಿಗೆ
ಸರಸರ ಎಂದಿತು, ಮಡಿಸಿದ ಕಾಗದ.
ಆ ಕಾಗದವೋ, ಹೆಂಡತಿಯ ಪತ್ರವೋ,
ಹೊರಡಿಸದೆ ಉಳಿಸಿಕೊಂಡ ಇನ್ನಾವ ಆಜ್ಞೆಯೋ.
ಅವರು ಬೀದಿ ನೋಡುತ್ತಿದ್ದರು.
ಬಸ್ಸೊಂದು ತಿರುಗಿತು, ಇನ್ನೊಂದು ತಿರುಗಿತು.
‘ಇದ್ದಲ್ಲೇ ಇರಲಿ,’ ಅಂದರು, ‘ಹೊಲಿಗೆ ಮಾತ್ರ ಬಿಗಿಯಾಗಿರಲಿ.’
ನೂಲನ್ನು ಹಲ್ಲಿನಲ್ಲಿ ಕಡಿದೆ.

ಹೆಸರಿನ ಸಾಲಿನಲ್ಲಿ ಪೆನ್ನು ನಿಂತಿತು.
ಮಾಜಿ ಎಂದು ಬರೆದರೆ ಯಾವುದರ ಮಾಜಿ?
‘ಮಾಸ್ತರ ಅಂತ ಬರಿ,’ ಅಂದರು. ನಕ್ಕರೋ ಕೆಮ್ಮಿದರೋ.
ಜೇಬು ತಡವಿಕೊಂಡರು, ಎಲ್ಲ ಜೇಬು, ಅದೊಂದನ್ನು ಬಿಟ್ಟು.

ಬಾಕಿ: ಪೂರ್ತಿ.
ಸುಗ್ಗಿಗೆ ಇನ್ನೂ ಹತ್ತು ತಿಂಗಳಿದೆ.