ನೆರಳಿನ ಬಾಬ್ತು

ಫೆಬ್ರವರಿ ಒಂಬತ್ತು. ಪೇಂಟಿನ ಬಕೆಟ್ ಐದು,
ದಾದಾಪೀರ್ ಕೊಟ್ಟದ್ದು, ದುಡ್ಡಿಲ್ಲ.
ಯಾರದೋ ನಡುಮನೆ ಗೋಡೆಯ ತಿಳಿಹಸಿರು
ಒಳಗಿನ್ನೂ ಸಿಪ್ಪೆ ಸಿಪ್ಪೆಯಾಗಿ ಅಂಟಿತ್ತು.
ಮೊಳೆ ಕಾಯಿಸಿ ತಳಕ್ಕೆ ನಾಲ್ಕು ನಾಲ್ಕು ತೂತು.
ಎಣ್ಣೆ ಡಬ್ಬ ಎರಡು, ಮಿರ್ಚಿ ಗಾಡಿಯವನ ಹತ್ತಿರ,
ಒಂದಕ್ಕೆ ಹದಿನೈದು. ಚೌಕಾಸಿ ಮಾಡಿದೆ, ಬಗ್ಗಲಿಲ್ಲ.

ಮಂಡಕ್ಕಿ ಭಟ್ಟಿಯ ಹಿಂದೆ ಹೊಟ್ಟಿನ ಬೂದಿ
ಗುಡ್ಡೆ ಗುಡ್ಡೆ, ಕೇಳುವವರಿಲ್ಲ.
ತೂತು ಚೀಲ, ಸೈಕಲ್ಲು;
ಮನೆಯವರೆಗೂ ನನ್ನ ಹಿಂದೆ ಒಂದು ಕಪ್ಪು ಗೆರೆ.
ಎರೆಮಣ್ಣಿಗೆ ಕಲಸಿದರೆ ಮಣ್ಣು ಸಡಿಲಾಗುತ್ತದೆ,
ಜಿಪುಣನ ಮುಷ್ಟಿ ಸಡಿಲಾದ ಹಾಗೆ, ಸ್ವಲ್ಪವೇ.

ಬೆಂಡೆ ಬೀಜ ಹತ್ತು ರೂಪಾಯಿ.
ಟೊಮೆಟೊ, ಸಂತೆ ಮುಗಿದ ಮೇಲೆ ಒಡೆದು ಬಿದ್ದದ್ದು.
ಕೊತ್ತಂಬರಿ ಸಾಂಬಾರ್ ಡಬ್ಬಿಯದೇ,
ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿದೆ.
ಮೆಂತ್ಯಕ್ಕೆ ಯಾರ ಅಪ್ಪಣೆಯೂ ಬೇಡ,
ಮೂರನೇ ದಿನ ಎದ್ದು ಕೂತಿತ್ತು.

ಓನರ್ ಕೊಟ್ರಮ್ಮ ಮೆಟ್ಟಿಲ ತುದಿಯಲ್ಲಿ, ಸೊಂಟಕ್ಕೆ ಕೈ:
"ತಾರಸಿ ಸೋರಿದ್ರ ನಿಮ್ಮ ಬೆಂಡಿಕಾಯಿ ತಡೀತಾವೇನ್ರಿ?
ನಳ ಬರೋದು ಎಂಟು ದಿನಕ್ಕೊಮ್ಮೆ,
ಸಂಪಿನ ನೀರು ಮುಟ್ಟಂಗಿಲ್ಲ."
ಮುಟ್ಟಲಿಲ್ಲ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಮುಖ ತೊಳೆದದ್ದು.
ಎದುರಿನ ಹಲ್ಲಿನ ಡಾಕ್ಟರ ಏಸಿ ತೊಟ್ಟಿಕ್ಕುವಲ್ಲಿ ಒಂದು ಕ್ಯಾನು;
ಎಷ್ಟು ಜನರ ಹಲ್ಲುನೋವಿಗೆ ಒಂದು ಲೀಟರ್ ಅಂತ
ಸಂಜೆ ಹೊತ್ತು ಅಂದಾಜು ಮಾಡುತ್ತಿದ್ದೆ.

ಏಪ್ರಿಲ್. ದಾವಣಗೆರೆಯ ಬಿಸಿಲಿಗೆ
ಬೆಳಗಿನ ಹತ್ತೂವರೆಗೇ ತಾರಸಿ ಕಾವಲಿ.
ಟೊಮೆಟೊ ಎಲೆಗಳ ಅಂಚು
ಬೆಂದ ದೋಸೆಯ ಹಾಗೆ ಮೇಲೆದ್ದಿತು.
ಹಸಿರು ಬಲೆ ಮೀಟರಿಗೆ ಅರವತ್ತಂತೆ. ಬಂದುಬಿಟ್ಟೆ.

ಆ ವಾರವೇ ಕೈ ತಪ್ಪಿತು.
ಮದುವೆ ಸುಗ್ಗಿ, ಫ್ಲೆಕ್ಸ್ ಅಂಗಡಿಯಲ್ಲಿ ರಾತ್ರಿ ಒಂದರವರೆಗೆ ಕೆಲಸ,
ತೂಕಡಿಕೆಯಲ್ಲಿ 'ಆದರದ ಸ್ವಾಗತ' ಹೋಗಿ
'ಆದರೂ ಸ್ವಾಗತ' ಆಯಿತು,
ಹತ್ತಡಿ ಎಂಟಡಿ, ಬಂಗಾರದ ಅಕ್ಷರ.
ಹುಡುಗಿಯ ಸೋದರಮಾವ ಒಮ್ಮೆ ಓದಿದ.
ಮತ್ತೊಮ್ಮೆ ಓದಿದ.
ಯಜಮಾನರು ಶಿವಯೋಗಪ್ಪ ಬೈಯಲಿಲ್ಲ,
ಸಂಬಳದಲ್ಲಿ ಏಳುನೂರಿಪ್ಪತ್ತು ಹಿಡಿದರು.
ಫ್ಲೆಕ್ಸ್ ನನ್ನದಾಯಿತು.

ನಾಲ್ಕು ಕೋಲು, ಬಟ್ಟೆ ಹಾಕುವ ಹಗ್ಗ.
ಚಿರಂಜೀವಿ ನಾಗಭೂಷಣ, ಸೌಭಾಗ್ಯವತಿ ಸಿಂಧೂ
ಮುಖ ಕೆಳಗೆ ಮಾಡಿ
ನನ್ನ ಬಕೆಟ್ಟುಗಳನ್ನು ನೋಡಿ ನಗತೊಡಗಿದರು.
ಮಧ್ಯಾಹ್ನದ ಬಿಸಿಲು ಅವರ ಕೆನ್ನೆ ತೂರಿ
ಬೆಂಡೆ ಎಲೆಯ ಮೇಲೆ ಗುಲಾಬಿಯಾಗುತ್ತಿತ್ತು.
ನೇರ ನಿಂತರೆ ವರನ ಮೂಗು ನನ್ನ ತಲೆಗೆ ತಾಗುತ್ತದೆ.

ಮೇ ಹದಿಮೂರು. ಬೆಂಡೆ ನಾಲ್ಕು ಕಡಿಮೆ.
ಕೋತಿಯಾಗಿದ್ದರೆ ಗಿಡವೇ ಇರುತ್ತಿರಲಿಲ್ಲ,
ಅಳಿಲಾಗಿದ್ದರೆ ಅರ್ಧ ಬಿಡುತ್ತಿತ್ತು.
ತೊಟ್ಟು ಓರೆಯಾಗಿ, ಚಾಕುವಿನಲ್ಲಿ, ಅಡುಗೆ ಬಲ್ಲ ಕೈ.
ಕೆಳಗಿನಿಂದ ಒಗ್ಗರಣೆಯ ಚಟಪಟ.
ಪುಸ್ತಕದಲ್ಲಿ ಬರೆದೆ: ಬೆಂಡೆ, ನಾಲ್ಕು.
ಯಾರಿಗೆ ಎಂಬಲ್ಲಿ ಬರೆಯಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಒಂದು ಸ್ಟೀಲ್ ಕೊಡ,
ಬಾಯಿಗೆ ತಟ್ಟೆ. ಸಂಪಿನ ನೀರು,
ಬೆರಳಿಟ್ಟರೆ ಚಳಿ.

ಮೂರು ದಿನ ಬಿಟ್ಟು, ಸೀರೆ ಹಿಂಡುತ್ತಾ, ಮೇಲೆ ನೋಡದೆ:
"ಫ್ಲೆಕ್ಸಿನಾಗ ಒಂದಕ್ಷರ ತಪ್ಪೇತಿ ನೋಡ್ರಿ."
"ಗೊತ್ತು" ಅಂದೆ.
"ಇರ್ಲಿ ಬಿಡ್ರಿ. ನಡೀತೈತಿ."

ಬೀಜ ಹತ್ತು, ಡಬ್ಬ ಮೂವತ್ತು,
ನೆರಳಿನ ಬಾಬ್ತು ಏಳುನೂರಿಪ್ಪತ್ತು.
ಬಂದದ್ದು: ಬೆಂಡೆ ಎರಡು ಕೇಜಿ ಚಿಲ್ಲರೆ,
ಕೊತ್ತಂಬರಿ ಒಂದೇ ಸಲ, ಆಮೇಲೆ ಹೂವಿಗೆ ಹೋಯಿತು,
ಟೊಮೆಟೊ ಹನ್ನೊಂದು, ಒಂದು ಹಕ್ಕಿ ಕುಕ್ಕಿದ್ದು.
ಮಾರ್ಕೆಟ್ಟಿನಲ್ಲಿ ಕೊಂಡಿದ್ದರೆ, ಬೇಡ, ಆ ಲೆಕ್ಕ ಮಾಡುವುದಿಲ್ಲ.

ಕೊಡ ಒಂದು: ಬೆಳಗಿ ವಾಪಸ್ಸು ಇಟ್ಟೆ.
ಒಳಗೆ ಮೂರು ಟೊಮೆಟೊ ಹಾಕಿದ್ದನ್ನು
ಬರೆಯುವುದು ಮರೆತೆ.